ಸೊನ್ನೆ ಅಂಕದ ದನಿ

ಸರಿನುಡಿ ಫೋನುಗಳು ಕೆಂಚಲಾಪುರದ ಶಾಲೆಗೆ ಬಂದ ದಿನ ಕಸ್ತೂರಿ ಬಡಿಗೇರ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದಳು. ಗದಗಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಆ ಸರ್ಕಾರಿ ಶಾಲೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಳು. ಆ ಫೋನಿನೊಳಗೆ ತನ್ನ ದನಿ ಇದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

ಸುಳ್ಳೇನೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ, 2040ರ ಬೇಸಿಗೆ ರಜೆಯಲ್ಲಿ, ಸರಿನುಡಿ ಕಂಪನಿಯವರು ರಾಜ್ಯದ ಒಂಬತ್ತು ಮಂದಿ ಇಂಗ್ಲಿಷ್ ಶಿಕ್ಷಕಿಯರನ್ನು ಆರಿಸಿ ಧಾರವಾಡದ ತಮ್ಮ ಪ್ರಯೋಗಾಲಯಕ್ಕೆ ಕರೆಸಿದ್ದರು. ಆರು ವಾರ ಗಾಜಿನ ಕೋಣೆಯೊಳಗೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಸ್ತೂರಿ ನಾಲ್ಕು ಸಾವಿರ ಇಂಗ್ಲಿಷ್ ವಾಕ್ಯ ಓದಿದ್ದಳು. ಮುಂದೆ ಪ್ರತಿ ಮಗುವಿನ ಕೈಗೂ ಒಂದು ಫೋನ್ ಬರುತ್ತದೆ, ಅದೇ ಇಂಗ್ಲಿಷ್ ಕಲಿಸುತ್ತದೆ, ಅದಕ್ಕೆ ನಿಮ್ಮ ದನಿ ಬೇಕು ಎಂದಷ್ಟೇ ಅವರು ಹೇಳಿದ್ದು. ಒಪ್ಪಿಗೆ ಪತ್ರವನ್ನು ಓದದೆಯೇ ಅವಳು ಖುಷಿಯಿಂದ ಸಹಿ ಹಾಕಿದ್ದಳು.

ಏಳನೆಯ ತರಗತಿಯ ಇಪ್ಪತ್ತಾರು ಮಕ್ಕಳು ಫೋನ್ ಹಿಡಿದು ಕೂತರು. ಪರದೆಯ ಮೇಲೆ ಒಂದು ಕೋಳಿಮೊಟ್ಟೆಯ ಚಿತ್ರ ಬಂತು. ಮುಂದಿನ ಸಾಲಿನ ರೇಷ್ಮಾ ನದಾಫ ಯಾವಾಗಲೂ ಎಲ್ಲರಿಗಿಂತ ಮೊದಲು ಬಾಯಿ ತೆರೆಯುವ ಹುಡುಗಿ.

"ಯೆಗ್!" ಎಂದಳು.

ಪರದೆ ಕೆಂಪಾಯಿತು. "ಹೀಗೆ ಹೇಳಬೇಡಿ" ಎಂದಿತು ಫೋನು. ಆಮೇಲೆ ತುಂಬ ಸ್ಪಷ್ಟವಾದ, ಎಲ್ಲರಿಗೂ ಗೊತ್ತಿದ್ದ ಒಂದು ದನಿ ಒಳಗಿನಿಂದ ಬಂತು. "ಯೆಗ್."

"ಅಕ್ಕೋರ, ನಿಮ್ಮ ದನಿರೀ!" ರೇಷ್ಮಾ ಕುಣಿದಳು. ಇಡೀ ತರಗತಿ ಚಪ್ಪಾಳೆ ತಟ್ಟಿತು. ತಮ್ಮ ಅಕ್ಕೋರು ಫೋನಿನಲ್ಲಿ ಬಂದಿದ್ದಾರೆಂಬ ಹೆಮ್ಮೆಗೆ ಮಕ್ಕಳು ಬೆಂಚು ಕುಟ್ಟಿದರು. ಅಷ್ಟರಲ್ಲಿ ಆ ದನಿಯ ಮೇಲೆ ಒಂದು ದಪ್ಪ ಗುಣಾಕಾರದ ಗುರುತು ಬಿತ್ತು. "ಹೀಗೆ ಹೇಳಿ" ಎಂದು ಫೋನು ಇನ್ನೊಂದು ದನಿ ಕೇಳಿಸಿತು. ಅದು ನಯವಾಗಿ, ಜಾರಿದಂತೆ, ಮೂಗಿನ ತುದಿಯಲ್ಲಿ ಮುಗಿದುಹೋಗುವ ದನಿ.

ಚಪ್ಪಾಳೆ ಒಂದೊಂದೇ ಕಡೆ ನಿಂತಿತು. ಮಕ್ಕಳು ಫೋನು ನೋಡಿದರು, ಅಕ್ಕೋರನ್ನು ನೋಡಿದರು, ಮತ್ತೆ ಫೋನು ನೋಡಿದರು.

"ಇರ್ಲಿ, ಮುಂದಿನ ಚಿತ್ರ ನೋಡ್ರಿ" ಎಂದಳು ಕಸ್ತೂರಿ. ಮುಂದಿನ ಚಿತ್ರ ತೆರೆದ ಬಾಗಿಲಿನದು. ಅದರಲ್ಲೂ ಅವಳೇ ಇದ್ದಳು. "ಹೀಗೆ ಹೇಳಬೇಡಿ. ವೋಪನ್." ಅದರ ಮುಂದಿನದರಲ್ಲೂ ಅವಳೇ. ಆರು ವಾರ ಓದಿದ ನಾಲ್ಕು ಸಾವಿರ ವಾಕ್ಯ ತುಂಡು ತುಂಡಾಗಿ, ಒಂದೊಂದು ತುಂಡಿಗೂ ಒಂದೊಂದು ಕೆಂಪು ಗುರುತು ಹೊತ್ತು ವಾಪಸು ಬರುತ್ತಿದ್ದವು. ಆದರೂ ಅವಧಿ ಮುಗಿಯುವವರೆಗೂ ಅವಳು ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಪಾಠ ಮಾಡಿದಳು.

ಒಂದು ತಿಂಗಳಲ್ಲಿ ರಾಜ್ಯದ ಮಕ್ಕಳೆಲ್ಲ ಅಂಕ ಲೆಕ್ಕ ಹಾಕತೊಡಗಿದರು. ಸರಿನುಡಿ ಪ್ರತಿ ಮಗುವಿಗೂ ದಿನದಿನಕ್ಕೆ ನೂರಕ್ಕೆ ಇಷ್ಟು ಎಂದು ಉಚ್ಚಾರದ ಅಂಕ ಕೊಡುತ್ತಿತ್ತು. ಎಂಬತ್ತೈದು ದಾಟಿದರೆ ಸರ್ಕಾರದ ವಸತಿ ಪ್ರೌಢಶಾಲೆಗೆ ಅರ್ಜಿ ಹಾಕಬಹುದು. ಎಪ್ಪತ್ತು ದಾಟಿದರೆ ಫೋನಿನಲ್ಲಿ 'ಕಿಟಕಿ' ತೆರೆಯುತ್ತದೆ, ಬೇರೆ ದೇಶದ ತರಗತಿಯ ಜೊತೆ ಮುಖ ನೋಡಿ ಮಾತಾಡಬಹುದು. ಎಪ್ಪತ್ತರ ಕೆಳಗಿನವರಿಗೆ ಕಿಟಕಿ ಇಲ್ಲ. ಕೆಂಚಲಾಪುರದಲ್ಲಿ ಯಾರಿಗೂ ಕಿಟಕಿ ತೆರೆಯಲಿಲ್ಲ. ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದ ರೇಷ್ಮಾ ಈಗ ಬಾಯಿ ತೆರೆಯುವ ಮುಂಚೆ ಫೋನಿನ ಬಣ್ಣ ನೋಡುತ್ತಿದ್ದಳು.

ಕಸ್ತೂರಿಯ ಮನೆ ಬೆಟಗೇರಿಯಲ್ಲಿತ್ತು. ಮುಂದಿನ ಪಡಸಾಲೆಯಲ್ಲಿ ಗಂಡ ಮೌನೇಶನ ಬಡಗಿ ಕೆಲಸ, ಹಿಂದೆ ಎರಡು ಕೋಣೆ, ಅಡುಗೆಮನೆ. ಮಗಳು ಸಿಂಚನಾ ಪೇಟೆಯ ಶಾಲೆಯಲ್ಲಿ ಎಂಟನೆಯ ತರಗತಿ. ಅವಳಿಗೂ ಫೋನು ಬಂದಿತ್ತು. ವಸತಿ ಶಾಲೆಗೆ ಹೋಗಬೇಕೆಂಬ ಹಟ ಅವಳದು. ಅಲ್ಲಿ ದೂರದರ್ಶಕವಿದೆ, ಅದರಲ್ಲಿ ಶನಿಗ್ರಹದ ಬಳೆ ಕಾಣುತ್ತದೆ ಎಂದು ಗೋಡೆಗೆ ಚಿತ್ರ ಅಂಟಿಸಿಕೊಂಡಿದ್ದಳು.

ಫೋನಿನಲ್ಲಿ 'ಮನೆಗಿವಿ' ಎಂಬುದೊಂದಿತ್ತು. ಮಗು ಮನೆಯಲ್ಲಿ ಏನು ಕೇಳಿಸಿಕೊಳ್ಳುತ್ತದೆ ಎಂಬುದು ಕೂಡ ಉಚ್ಚಾರಕ್ಕೆ ಮುಖ್ಯವೆಂದು ದಿನಕ್ಕೆ ನಾಲ್ಕು ತಾಸು ಅದನ್ನು ಹಾಕಿಡಬೇಕು. ಸಿಂಚನಾ ಅದನ್ನು ಊಟಕ್ಕೆ ಕೂತಾಗಲೂ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು.

"ಇನ್ನೊಂದು ರೊಟ್ಟಿ ಹಾಕ್ಲೇನ?" ಎಂದಳು ಕಸ್ತೂರಿ.

ಫೋನು ಗುಂಯ್ ಎಂದಿತು. "ಈ ಕೋಣೆಯಲ್ಲಿ ತಪ್ಪುದನಿ ಕೇಳಿಸುತ್ತಿದೆ. ದಯವಿಟ್ಟು ದೂರ ಹೋಗಿ."

ಅವಳು ಒಂದಕ್ಷರ ಇಂಗ್ಲಿಷ್ ಮಾತಾಡಿರಲಿಲ್ಲ. ಫೋನಿಗೆ ಮಾತು ಯಾವುದೆಂಬುದು ಬೇಕಾಗಿರಲಿಲ್ಲ, ದನಿ ಆ ತಪ್ಪುದನಿಯನ್ನು ಹೋಲಿದರೆ ಸಾಕಿತ್ತು. ಸಿಂಚನಾ ತಾಯಿಯ ಮುಖ ನೋಡದೆ ತಾಟು ಎತ್ತಿಕೊಂಡು ಪಡಸಾಲೆಗೆ ಹೋದಳು. ಮರದ ಹೊಟ್ಟಿನ ನಡುವೆ ಕೂತು ಉಂಡಳು.

ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಮಗಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ಅವ್ವಾ, ಆ ನಾಲ್ಕು ತಾಸು ನೀ ಮಾತಾಡಬ್ಯಾಡ. ನೀ ಮಾತಾಡಿದ್ರ ಎರಡೆರಡು ಅಂಕ ಇಳೀತಾವು."

"ಹಸಿವಾಗೈತೇನು ಅಂತನೂ ಕೇಳಬಾರದಾ?"

"ಕೈ ಮಾಡಿ ಕೇಳು."

ಕಸ್ತೂರಿ ಕೈ ಮಾಡಿ ಕೇಳಿದಳು. ಒಂದು ವಾರ ಹಾಗೇ ನಡೆಯಿತು. ಎಂಟನೆಯ ದಿನ ಶಾಲೆಗೆ ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದಳು.

ಪ್ರಯೋಗಾಲಯದಲ್ಲಿ ಅವಳ ದನಿ ಮುದ್ರಿಸಿಕೊಂಡಿದ್ದ ವಿಜ್ಞಾನಿ ಡಾಕ್ಟರ್ ಅನ್ವಿತಾ ಹೆರಂಜಾಲ ಇನ್ನೂ ಅಲ್ಲೇ ಇದ್ದಳು. ಕುಂದಾಪುರದ ಕಡೆಯವಳು. ಮೂವತ್ತೈದರ ಆಸುಪಾಸು. ಕಸ್ತೂರಿಯನ್ನು ಕಂಡವಳೇ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟಳು.

"ನನ್ನ ದನೀನ ಯಾಕ ತಪ್ಪಿಗೆ ಹಚ್ಚೀರಿ?" ಕೂರುವ ಮೊದಲೇ ಕೇಳಿದಳು ಕಸ್ತೂರಿ.

ಅನ್ವಿತಾ ಪರದೆಯ ಮೇಲೆ ಒಂದು ಗೆರೆ ಎಳೆದಳು. "ನೋಡಿ ಮೇಡಂ, ಯಾವ ಅಳತೆಗೂ ಎರಡು ತುದಿ ಬೇಕು. ಈ ಕಡೆ ನೂರು, ಅದು ಗುರಿದನಿ. ಈ ಕಡೆ ಸೊನ್ನೆ. ಮಗು ಒಂದು ಶಬ್ದ ಹೇಳಿದ ಕೂಡಲೇ ಯಂತ್ರ ಅದನ್ನು ನೂರಾರು ಚೂರು ಮಾಡುತ್ತದೆ. ಪ್ರತಿ ಚೂರೂ ಈ ಗೆರೆಯ ಮೇಲೆ ಎಲ್ಲಿ ಬೀಳುತ್ತದೆ ಅಂತ ನೋಡಿ ಅಂಕ ಕೊಡುತ್ತದೆ. ನಮಗೆ ಸೊನ್ನೆ ಎಲ್ಲಿ ಅಂತ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕರೆಸಿದ್ದು."

"ಒಂಬತ್ತು ಮಂದಿ ಬಂದಿದ್ವಿ. ಕೇಳಿದ್ರ ನನ್ನ ದನಿ ಒಂದೇ ಕೇಳಸ್ತೈತಿ."

"ಉಳಿದ ಎಂಟು ಮಂದಿ ಒಮ್ಮೆ ಹಾಗೆ ಹೇಳುತ್ತಿದ್ದರು, ಒಮ್ಮೆ ಹೀಗೆ. ಅದರಿಂದ ಅಳತೆ ಅಲುಗಾಡುತ್ತಿತ್ತು. ನೀವು ನಾಲ್ಕು ಸಾವಿರ ವಾಕ್ಯದಲ್ಲಿ ಒಂದು ಸಲವೂ ಬದಲಿಸಲಿಲ್ಲ. ಪ್ರತಿ ಅಕ್ಷರವೂ ಬಿಡಿಬಿಡಿ, ಪ್ರತಿ ಸಲವೂ ಅದೇ. ಅಷ್ಟು ಕ್ರಮಬದ್ಧ."

"ತಪ್ಪದೇ ತಪ್ಪು ಮಾಡೀನಿ ಅಂತೀರಿ."

ಅನ್ವಿತಾ ಪರದೆಯ ಮೇಲಿನ ಗೆರೆ ಅಳಿಸಿದಳು.

"ಅಂದ್ರ ಮಕ್ಕಳು ನನ್ನಿಂದ ಎಷ್ಟು ದೂರ ಹೋದ್ರ ಅಷ್ಟು ಅಂಕ. ಹೌದಲ್ರೀ?"

"ಲೆಕ್ಕದಲ್ಲಿ ಹೇಳುವುದಾದರೆ... ಹೌದು."

"ಮತ್ತ ಆ ನೂರು ಅಂಕದ ದನಿ ಯಾರದು? ಯಾ ಊರಿನವರು?"

"ಯಾರದೂ ಅಲ್ಲ. ಸಾವಿರಾರು ದನಿ ಬೆರೆಸಿ ಯಂತ್ರವೇ ಹೆಣೆದದ್ದು."

ಕಸ್ತೂರಿ ಕುರ್ಚಿಯ ತುದಿಗೆ ಬಂದಳು. "ಭೂಮಿ ಮ್ಯಾಲೆ ಹಂಗ ಮಾತಾಡೋ ಮನಶಾನೇ ಇಲ್ಲಂತೀರಿ?"

ಗಾಜಿನ ಕೋಣೆಯೊಳಗೆ ಬೇರೆ ಯಾರೋ ಏನೋ ಓದುತ್ತಿದ್ದರು, ತುಟಿ ಆಡುವುದಷ್ಟೇ ಕಾಣುತ್ತಿತ್ತು. ಅನ್ವಿತಾ ಕಸ್ತೂರಿಯನ್ನು ಬಾಗಿಲವರೆಗೆ ಕಳಿಸಿಕೊಟ್ಟಳು. ಬಾಗಿಲಲ್ಲಿ ದನಿ ಇಳಿಸಿ, "ನಿಮ್ಮ ಒಪ್ಪಿಗೆ ಪತ್ರದ ಹನ್ನೊಂದನೇ ಕಲಮು ಓದಿ ಮೇಡಂ. ನಾನು ಹೇಳಿದ್ದು ಅಂತ ಎಲ್ಲೂ ಹೇಳಬೇಡಿ" ಎಂದಳು.

ಹನ್ನೊಂದನೆಯ ಕಲಮು ಚಿಕ್ಕದಿತ್ತು. ದನಿ ಕೊಟ್ಟವರು ಯಾವ ಕಾರಣವನ್ನೂ ಹೇಳದೆ ಅದನ್ನು ಹಿಂದಕ್ಕೆ ಕೇಳಬಹುದು, ಕೇಳಿದ ಮೂವತ್ತು ದಿನದೊಳಗೆ ಕಂಪನಿ ಅದನ್ನು ಎಲ್ಲ ಕಡೆಯಿಂದ ಅಳಿಸಬೇಕು.

ಮೌನೇಶ ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಾ ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಹೆಚ್ಚು ಮಾತಿನ ಆಳಲ್ಲ. ಕೆಲಸ ನಿಲ್ಲಿಸಿ ಮೂಲೆಯಳತೆಯ ಗುನ್ಯಾ ಕೈಗೆತ್ತಿಕೊಂಡ. "ಒಂದು ಬಾಗಲಾ ಸೊಟ್ಟ ಬಂದ್ರ ಅದು ನನ್ನ ಕೈ ತಪ್ಪು. ಹತ್ತು ಬಾಗಲಾ ಒಂದೇ ಲೆಕ್ಕಕ್ಕ ಸೊಟ್ಟ ಬಂದ್ರ ನಾ ಬಾಗಲಾ ಕೆತ್ತಾಕ ಹೋಗೂದಿಲ್ಲ. ಗುನ್ಯಾ ತಗದು ನೋಡ್ತೀನಿ."

"ಹಂಗಾದ್ರ ಸಹಿ ಮಾಡಿ ಕಳಸ್ಲೇನ್ರಿ?"

ಒಳಗಿನಿಂದ ಸಿಂಚನಾ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಬ್ಯಾಡವ್ವಾ. ನಂದೀಗ ಎಂಬತ್ತೆಂಟು ಐತಿ. ನೀ ದನಿ ತಗದ್ರ ಅಳತೀನ ಹೋಗ್ತೈತಿ, ನನ್ನ ಎಂಬತ್ತೆಂಟೂ ಹೋಗ್ತೈತಿ." ಅಳುವುದಿಲ್ಲವೆಂದು ತುಟಿ ಕಚ್ಚಿಕೊಂಡಿದ್ದಳು. "ನಾ ವಸತಿ ಶಾಲಿಗೆ ಹೋಗೂತನಕ ತಡಿ. ಆಮ್ಯಾಲೆ ಏನ್ ಬೇಕಾದ್ರೂ ಮಾಡು."

ಕಸ್ತೂರಿ ಪತ್ರ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ತಡೆಯುವುದಾಗಿ ಮಾತು ಕೊಟ್ಟಳು. ಮಾತು ಕೊಟ್ಟ ಮೇಲೆ ನಾಲ್ಕು ತಿಂಗಳು, ದಿನಕ್ಕೆ ನಾಲ್ಕು ತಾಸು, ಸ್ವಂತ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಓಡಾಡಿದಳು.

ನವೆಂಬರಿನಲ್ಲಿ ಸರಿನುಡಿ ಯೋಜನೆಯ ಪ್ರದರ್ಶನ ಏರ್ಪಾಡಾಯಿತು. ಜಿಲ್ಲೆಯಲ್ಲೇ ಅತಿ ಹೆಚ್ಚು ಅಂಕದ ವಿದ್ಯಾರ್ಥಿ ಎಲ್ಲರೆದುರು ಕಿಟಕಿ ತೆರೆದು ಇಂಥದೇ ಫೋನಿನಲ್ಲಿ ಕಲಿಯುವ ವಿಯೆಟ್ನಾಮಿನ ಒಬ್ಬ ವಿದ್ಯಾರ್ಥಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಸಿಂಚನಾ ತೊಂಬತ್ತೊಂದಕ್ಕೆ ಏರಿದ್ದಳು, ಅವಳೇ ಆಯ್ಕೆಯಾದಳು. ಪಾಲಕರೊಬ್ಬರು ಜೊತೆಗಿರಲೇಬೇಕಿತ್ತು. ಮೌನೇಶನಿಗೆ ಒಂದು ಮನೆಯ ಬಾಗಿಲು ಕೂರಿಸುವುದಿತ್ತು.

"ಬಾ, ಆದ್ರ ಒಂದು ಮಾತೂ ಆಡಬ್ಯಾಡ" ಎಂದಳು ಮಗಳು.

"ಆಡೂದಿಲ್ಲ ಬಿಡು."

ಧಾರವಾಡದ ಪ್ರಯೋಗಾಲಯದ ನಿಯಂತ್ರಣ ಕೊಠಡಿ ದೊಡ್ಡದಿತ್ತು. ಒಂದು ಗೋಡೆಯ ತುಂಬ ಗದಗ ಜಿಲ್ಲೆಯ ನಕ್ಷೆ, ಶಾಲೆಗೊಂದರಂತೆ ಚುಕ್ಕೆದೀಪ, ಅಂಕ ಏರಿದ ಕಡೆ ಹಸಿರು, ಇಳಿದ ಕಡೆ ಕೆಂಪು. ಕೆಂಚಲಾಪುರ ಎಲ್ಲಿದೆಯೆಂದು ಕಸ್ತೂರಿ ಹುಡುಕಬೇಕಾಗಲಿಲ್ಲ, ಆ ಭಾಗದಲ್ಲಿ ಎಲ್ಲಕ್ಕಿಂತ ಕೆಂಪಗಿದ್ದ ಚುಕ್ಕೆ ಅದೇ. ಅಧಿಕಾರಿಗಳು, ಪತ್ರಿಕೆಯವರು, ಮುಂದಿನ ಸಾಲಿನಲ್ಲಿ ಸರಿನುಡಿಯ ಮುಖ್ಯಸ್ಥ. ಯಂತ್ರದ ಮುಂದೆ ಅನ್ವಿತಾ ಕೂತಿದ್ದಳು. ಕಸ್ತೂರಿಯನ್ನು ಹಿಂದಿನ ಗೋಡೆಗೆ ಒರಗಿದ ಕೊನೆಯ ಕುರ್ಚಿಯಲ್ಲಿ ಕೂರಿಸಿದರು.

ಪರದೆಯ ಮೇಲೆ ಥೂಯ್ ಎಂಬ ಹುಡುಗಿ ಬಂದಳು. ಹದಿಮೂರು ವರ್ಷ, ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಹಿಂದೆ ತೆರೆದ ಕಿಟಕಿ, ಅದರಾಚೆ ಅಗಲವಾದ ಹೊಳೆ, ದೋಣಿ. ಇಬ್ಬರೂ ನಮಸ್ಕಾರ ಹೇಳಿಕೊಂಡರು. ಇಬ್ಬರದೂ ಒಂದೇ ದನಿ. ಕಣ್ಣು ಮುಚ್ಚಿದರೆ ಯಾರು ಗದಗಿನವರು, ಯಾರು ಅಲ್ಲಿಯವರು ಗೊತ್ತಾಗುವಂತಿರಲಿಲ್ಲ. ಬರೆದುಕೊಟ್ಟ ಸಾಲುಗಳು ಮುಗಿಯುವವರೆಗೆ ಎಲ್ಲ ಚೆಂದವಿತ್ತು. ಪರದೆಯ ಕೆಳಗೆ ಅಂಕ ಮೂಡುತ್ತಿದ್ದವು, ತೊಂಬತ್ತೊಂದು, ತೊಂಬತ್ತಮೂರು. ಸಭೆ ಚಪ್ಪಾಳೆ ತಟ್ಟಿತು.

"ಇನ್ನು ಮೂರು ನಿಮಿಷ ನಿಮಗೆ ಬೇಕಾದ್ದು ಮಾತಾಡಿ" ಎಂದರು ಮುಖ್ಯಸ್ಥರು.

ಥೂಯ್ ಏನೋ ಕೇಳಿದಳು. ಅಕ್ಷರಗಳನ್ನು ನುಂಗಿ, ಸರ್ರನೆ ಜಾರಿಸಿ, ಗುರಿದನಿ ಹೇಗೆ ಹೇಳುತ್ತದೋ ಹಾಗೇ. ಸಿಂಚನಾಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದಳು, ಅದನ್ನೂ ಗುರಿದನಿಯಲ್ಲೇ ಜಾರಿಸಿದಳು. ಅದು ಥೂಯ್‌ಗೆ ತಿಳಿಯಲಿಲ್ಲ. ಇಬ್ಬರೂ ಐದು ತಿಂಗಳು ಹೇಳುವುದನ್ನು ಕಲಿತಿದ್ದರು. ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದನ್ನು ಫೋನು ಕಲಿಸಿರಲಿಲ್ಲ. ತೊಂಬತ್ತೊಂದು, ತೊಂಬತ್ತಮೂರು ಎಂದು ಅಂಕ ಹಸಿರಾಗಿ ಉರಿಯುತ್ತಲೇ ಇತ್ತು. ಇಬ್ಬರು ಹುಡುಗಿಯರು ಸಾವಿರಾರು ಮೈಲಿ ಆಚೀಚೆ ಕೂತು ಒಬ್ಬರನ್ನೊಬ್ಬರು ಪೆಚ್ಚಾಗಿ ನೋಡಿದರು.

ಸಿಂಚನಾ ಕುತ್ತಿಗೆ ತಿರುಗಿಸಿದಳು. ಕೊನೆಯ ಕುರ್ಚಿಯನ್ನು ಹುಡುಕಿದಳು.

ಆ ಕಣ್ಣು ನೋಡಿದ ಮೇಲೆ ಕಸ್ತೂರಿಗೆ ತಾನು ಕೊಟ್ಟ ಮಾತು ನೆನಪಿರಲಿಲ್ಲ. ಎದ್ದು ನಿಂತಳು. ಹತ್ತೊಂಬತ್ತು ವರ್ಷ ನಲವತ್ತು ಮಕ್ಕಳ ಗದ್ದಲದ ಮೇಲೆ ಕೊನೆಯ ಬೆಂಚಿಗೆ ತಲುಪುವಂತೆ ಮಾತಾಡಿದ ಗಂಟಲು ಅದು. ಒಂದೊಂದು ಅಕ್ಷರವನ್ನೂ ಬಿಡಿಸಿ ಇಟ್ಟಳು.

"ಥೂಯ್! ವಾಟ್ ಈಜ್ ದಟ್ ವೈಟ್ ಥಿಂಗ್? ಬಿಹೈಂಡ್ ಯೂ?"

ಕೊಠಡಿಯ ದೀಪಗಳೆಲ್ಲ ಕೆಂಪಾದವು. "ಈ ಕೋಣೆಯಲ್ಲಿ ತಪ್ಪುದನಿ ಕೇಳಿಸುತ್ತಿದೆ" ಎಂದು ಮೂರು ಕಡೆಯ ಧ್ವನಿವರ್ಧಕ ಒಟ್ಟಿಗೆ ಕೂಗಿದವು. ಆದರೆ ಥೂಯ್ ಹಿಂದೆ ತಿರುಗಿ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಬೆಳ್ಳಗಿನದೇನೋ ಬಂದು ಕೂತಿತ್ತು. ಅವಳ ಮುಖ ಅರಳಿತು. ಗುರಿದನಿಯನ್ನು ಮರೆತು, ತನ್ನದೇ ಬಾಯಲ್ಲಿ, ಕೊನೆಯ ಅಕ್ಷರ ಕತ್ತರಿಸಿ ಹೇಳಿದಳು. "ದಾ'! ಮೈ ಗ್ರಾನ್ಮಾ ದಾ'!"

"ಡಾಗ್?" ಕಸ್ತೂರಿ ಕೇಳಿದಳು.

"ನೋ, ನೋ!" ಥೂಯ್ ಎರಡೂ ಕೈ ಮಡಚಿ ರೆಕ್ಕೆಯಂತೆ ಬಡಿದು, ಬಾತುಕೋಳಿಯ ಹಾಗೆ ಕೂಗಿದಳು.

"ಡಕ್! ಓ, ಡಕ್!"

"ಯೆಸ್! ಡಕ್! ಶೀ ಕಂ ಸ್ಕೂಲ್ ಎವ್ರಿ ಡೇ!"

ಪತ್ರಿಕೆಯವನೊಬ್ಬ ಗಟ್ಟಿಯಾಗಿ ನಕ್ಕ. ಮುಖ್ಯಸ್ಥರು ತಿರುಗಿ ಅನ್ವಿತಾಳಿಗೆ, "ಸಂಪರ್ಕ ಕಡಿ" ಎಂದರು. ಅನ್ವಿತಾ ಎರಡೂ ಕೈಯನ್ನು ಯಂತ್ರದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಮಾತಾಡ್ತಾ ಇದ್ದಾರಲ್ಲ ಸರ್. ಅದಕ್ಕೇ ಅಲ್ವಾ ನಾವು ಇದನ್ನೆಲ್ಲ ಮಾಡಿದ್ದು?"

"ದೂರ ಹೋಗಿ, ದೂರ ಹೋಗಿ" ಎಂದು ಸಿಂಚನಾಳ ಕಿವಿಗೆ ಸಿಕ್ಕಿಸಿದ್ದ, ಫೋನಿನ ದನಿ ಕೇಳಿಸುವ ಗುಂಡಿ ಚೀರುತ್ತಿತ್ತು. ಅವಳು ಒಂದು ಕ್ಷಣ ಪರದೆ ನೋಡಿದಳು. ತೊಂಬತ್ತೊಂದು ಆಗಲೇ ನಲವತ್ತಕ್ಕೆ ಇಳಿದಿತ್ತು. ಆ ಗುಂಡಿ ಕಿತ್ತು ಮೇಜಿನ ಮೇಲಿಟ್ಟಳು. ಚಿಕ್ಕಂದಿನಲ್ಲಿ ಅವ್ವ ಅಡುಗೆಮನೆಯಲ್ಲಿ ಕೂತು ಕಲಿಸಿದ ಹಾಗೆ, ಅವಸರವಿಲ್ಲದೆ, ಒಂದಕ್ಷರವನ್ನೂ ನುಂಗದೆ ಕೇಳಿದಳು. "ವಾಟ್ ಈಜ್ ಹರ್ ನೇಮ್?"

ಬಾತುಕೋಳಿಗೆ ಹೆಸರಿತ್ತು. ಆ ಹೆಸರು ಹೇಳಲು ಸಿಂಚನಾ ನಾಲ್ಕು ಸಲ ಪ್ರಯತ್ನಿಸಿದಳು, ಥೂಯ್ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟಳು. ಆಮೇಲೆ ಹೊಳೆಗೆ ನೆರೆ ಬಂದದ್ದು, ಶಾಲೆಗೆ ದೋಣಿಯಲ್ಲಿ ಬರುವುದು, ಶನಿಗ್ರಹದ ಬಳೆ, ಯಾವ ಮೇಷ್ಟ್ರು ಜಾಸ್ತಿ ಬೈಯುತ್ತಾರೆ ಎಂಬುದು. ತಿಳಿಯದ ಕಡೆ ನಿಲ್ಲಿಸಿ ಕೇಳಿದರು, ಕೈಯಲ್ಲಿ ತೋರಿಸಿದರು, ಇನ್ನೊಂದು ಶಬ್ದ ಹಾಕಿ ನೋಡಿದರು. ಮೂರು ನಿಮಿಷವಿದ್ದದ್ದು ಹನ್ನೊಂದಾಯಿತು. ಅಂಕ ಎರಡೂ ಕಡೆ ಒಂದಂಕಿಗೆ ಇಳಿದಿತ್ತು.

"ಹೂ ಈಸ್ ಶೀ?" ಥೂಯ್ ಸಿಂಚನಾಳ ಹಿಂದೆ ನಿಂತಿದ್ದ ಹೆಂಗಸನ್ನು ತೋರಿಸಿದಳು.

"ಮೈ ಮದರ್" ಎಂದಳು ಸಿಂಚನಾ. ಅವ್ವನ ಕಡೆ ತಿರುಗಿ ನೋಡಿ, "ಶೀ ಈಜ್ ದ ರಾಂಗ್ ವಾಯ್ಸ್" ಎಂದಳು.

ಥೂಯ್‌ಳ ನಗು ಇಳಿಯಿತು. ನಿಧಾನವಾಗಿ ಶಬ್ದ ಹುಡುಕಿ ಹೇಳಿದಳು. ತಮ್ಮಲ್ಲೂ ಒಂದು ತಪ್ಪುದನಿ ಇದೆ. ಅದು ತನ್ನ ಮಾವನದು. ಅವನೂ ಇಂಗ್ಲಿಷ್ ಮೇಷ್ಟ್ರು. ಈಗ ಅವನು ಮನೆಯಲ್ಲಿ ಮಾತಾಡುವುದಿಲ್ಲ.

ಇಡೀ ಕೊಠಡಿಗೆ ಅದು ಅರ್ಥವಾಯಿತು.

ಪ್ರದರ್ಶನ ಮುಗಿಸಿ ಮುಖ್ಯಸ್ಥರು ಕಸ್ತೂರಿಯನ್ನು ಪಕ್ಕದ ಕೋಣೆಗೆ ಕರೆದರು. ಒಳ್ಳೆಯ ಮಾತಿನಲ್ಲೇ ಶುರುಮಾಡಿದರು. ಅವಳಿಗೆ ರಾಜ್ಯಮಟ್ಟದ ಮಾದರಿ ಶಿಕ್ಷಕಿ ಎಂಬ ಹುದ್ದೆ ಕೊಡಿಸಬಹುದು. ಮನೆಗಿವಿಯಲ್ಲಿ ಅವಳ ಮನೆಯೊಂದನ್ನು ಬಿಟ್ಟುಬಿಡುವಂತೆ ಮಾಡಬಹುದು. ಮಗಳ ಅಂಕವನ್ನು ಈ ದಿನ ಬೆಳಿಗ್ಗೆ ಇದ್ದಲ್ಲಿಗೇ ತಂದು ನಿಲ್ಲಿಸಬಹುದು.

"ನನ್ನ ಮನಿ ಬಿಡ್ತೀರಿ. ಉಳಿದವರ ಮನಿ?" ಎಂದಳು ಕಸ್ತೂರಿ. "ಎಲ್ಲಾರ ಮನ್ಯಾಗೂ ಒಬ್ಬಾಕಿ ಅವ್ವ ಇದ್ದಾಳ ಸರ್. ನನ್ನಂಗ ಮಾತಾಡ್ತಾಳ. ನನ್ನ ದನಿ ನನಗ ವಾಪಸ್ ಬೇಕು."

"ಯೋಚನೆ ಮಾಡಿ. ನಿಮ್ಮ ಮಗಳ ಭವಿಷ್ಯ ಇದೆ."

"ಆಕಿ ಹೊರಗ ನಿಂತಾಳ. ಆಕೀನ ಕೇಳ್ತೀನಿ."

ಇಬ್ಬರೂ ಊರಿನ ಬಸ್ಸು ಹತ್ತಿ ಕೂತರು.

"ಸಹಿ ಮಾಡಿದ್ರ ನಾ ವಸತಿ ಶಾಲಿಗೆ ಹೋಗಾಕ ಆಗೂದಿಲ್ಲಲ್ಲ?" ಸಿಂಚನಾ ಕೇಳಿದಳು.

"ಬಹುಶಃ ಆಗೂದಿಲ್ಲ. ಸುಳ್ಳು ಹೇಳೂದಿಲ್ಲ ನಿನಗ."

ಸಿಂಚನಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಕಸ್ತೂರಿ ತಡೆಯಲಿಲ್ಲ. ಊರು ಹತ್ತಿರ ಬಂದಾಗ ಹುಡುಗಿ ಮೂಗು ಒರೆಸಿಕೊಂಡು ಹೇಳಿದಳು. "ಥೂಯ್ ಮಾವ ಮನ್ಯಾಗ ಮಾತೇ ಆಡೂದಿಲ್ಲಂತ ಅವ್ವಾ. ನೀನೂ ನಾಲ್ಕು ತಿಂಗಳು ಹಂಗೇ ಇದ್ದಿ. ನನ್ನ ಸಲುವಾಗಿ." ಮತ್ತೆ ಸ್ವಲ್ಪ ಹೊತ್ತಿಗೆ, "ಸಹಿ ಮಾಡು. ಆದ್ರ ನನಗ ಇನ್ನೂ ಸಿಟ್ಟೈತಿ" ಎಂದಳು.

"ಇರ್ಲಿ. ಸಿಟ್ಟಿದ್ರೂ ಮಾತಾಡು, ಸಾಕು."

ಮರುದಿನ ಪತ್ರ ಹೋಯಿತು. ಮೂವತ್ತು ದಿನದ ಗಡುವು ಶುರುವಾಯಿತು. ಆ ದಿನಗಳು ಸುಲಭವಿರಲಿಲ್ಲ. ಕೊಟ್ಟ ದನಿಯನ್ನು ಹಿಂದೆಗೆದುಕೊಳ್ಳುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಶಿಕ್ಷಣ ಇಲಾಖೆಯಿಂದ ಅವಳಿಗೆ ನೋಟೀಸು ಬಂತು. ಎರಡನೆಯ ವಾರ ಕೆಂಚಲಾಪುರದ ಪಾಲಕರು ಶಾಲೆಗೆ ಬಂದು ಕೂತರು. ರೇಷ್ಮಾಳ ತಾಯಿ ಮಮ್ತಾಜ್‌ಬಿ ಎದ್ದು ನಿಂತು ನೇರವಾಗಿ ಕೇಳಿದಳು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮರ್ಯಾದಿ ಸಲುವಾಗಿ ನಮ್ಮ ಮಕ್ಕಳ ಅಂಕ ಯಾಕ ಹೋಗ್ಬೇಕು?"

ಕಸ್ತೂರಿಗೆ ಅದು ನಾಟಿತು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. "ಮಮ್ತಾಜವ್ವಾ, ನಿಮ್ಮ ರೇಷ್ಮಾಗ ಎಷ್ಟು ಅಂಕ ಐತಿ?"

"ಮೂವತ್ತೆರಡು."

"ಜೂನದಾಗ ಎಷ್ಟಿತ್ತು?"

"ಅಷ್ಟೇ ಇತ್ತು."

"ಆಕಿ ಮೊದಲು ಮನಿಗೆ ಬಂದು ಇಂಗ್ಲಿಷ್‌ನಾಗ ಏನಾರ ಹೇಳ್ತಿದ್ದಳೇನು?"

"ಹೇಳ್ತಿದ್ದಳಲ್ರೀ! ತಲಿ ತಿಂತಿದ್ದಳು. ಕೋಳಿಗೂ ಇಂಗ್ಲಿಷ್, ಮ್ಯಾಕಿಗೂ ಇಂಗ್ಲಿಷ್."

"ಈಗ?"

ಮಮ್ತಾಜ್‌ಬಿ ಮಗಳನ್ನು ನೋಡಿದಳು. ರೇಷ್ಮಾ ನೆಲ ನೋಡುತ್ತಿದ್ದಳು. ತಾಯಿ ಅವಳ ಪಕ್ಕಕ್ಕೆ ಹೋಗಿ ಕೂತಳು. ಸಭೆಯಲ್ಲಿ ಎಲ್ಲರೂ ಒಪ್ಪಿಕೊಂಡರೆಂದಲ್ಲ, ಇಬ್ಬರು ಎದ್ದು ಹೊರಟೇಹೋದರು. ಆದರೆ ಪತ್ರ ಹಿಂದೆ ತೆಗೆದುಕೊಳ್ಳಿ ಎಂದು ಯಾರೂ ಮತ್ತೆ ಕೇಳಲಿಲ್ಲ.

ಇಪ್ಪತ್ತನೆಯ ದಿನದ ಹೊತ್ತಿಗೆ ಗಾಜಿನ ಕೋಣೆಯಲ್ಲಿ ಓದಿದ ಉಳಿದ ಎಂಟು ಶಿಕ್ಷಕಿಯರೂ ತಮ್ಮ ತಮ್ಮ ಪತ್ರ ಕಳಿಸಿದ್ದರು. ಕಸ್ತೂರಿ ಅವರಲ್ಲಿ ಯಾರನ್ನೂ ಕೇಳಿರಲಿಲ್ಲ. ಪತ್ರಿಕೆಯಲ್ಲಿ ಬಾತುಕೋಳಿಯ ಸುದ್ದಿ ಓದಿ ಅವರೇ ಬರೆದದ್ದು.

ಮೂವತ್ತೊಂದನೆಯ ದಿನ, ಸೋಮವಾರ, ಬೆಳಗಿನ ಮೊದಲ ಅವಧಿ. ಮಕ್ಕಳು ಫೋನು ತೆರೆದರು. ಶಬ್ದಗಳಿದ್ದವು, ಕಥೆಗಳಿದ್ದವು, ಚಿತ್ರಗಳಿದ್ದವು. ಅಂಕವಿರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ಸೊನ್ನೆ ಎಲ್ಲಿದೆಯೆಂದು ಗೊತ್ತಿಲ್ಲದೆ ಯಂತ್ರಕ್ಕೆ ಯಾರನ್ನೂ ಅಳೆಯಲಾಗಲಿಲ್ಲ. ಇನ್ನೊಂದು ಸಂಗತಿ ಕಂಪನಿಯವರಿಗೇ ಹೊಳೆದಿರಲಿಲ್ಲ. ಎಪ್ಪತ್ತರ ಕೆಳಗಿನವರನ್ನು ತಡೆಯುವ ಬಾಗಿಲು ಅಂಕವೇ ಇಲ್ಲದವರನ್ನು ತಡೆಯಲಿಲ್ಲ. ರೇಷ್ಮಾ ಸುಮ್ಮನೆ ಒತ್ತಿ ನೋಡಿದಳು. ಕಿಟಕಿ ತೆರೆಯಿತು. ಯಾವುದೋ ದೇಶದ ಯಾವುದೋ ತರಗತಿಯ ಮೂವತ್ತು ಮಕ್ಕಳು ಗಾಬರಿಯಾಗಿ ಇವರನ್ನೇ ನೋಡುತ್ತಿದ್ದರು.

"ಅಕ್ಕೋರ, ಏನ್ ಹೇಳ್ಲಿರಿ?"

"ಯಾರು ನೀವು, ಎಲ್ಲಿಯವರು ಅಂತ ಕೇಳು. ಗಟ್ಟಿಯಾಗಿ ಕೇಳು."

ರೇಷ್ಮಾ ಕೇಳಿದಳು.

ಸಿಂಚನಾಗೆ ವಸತಿ ಶಾಲೆ ಸಿಗಲಿಲ್ಲ. ಆ ವರ್ಷ ಅಂಕವಿಲ್ಲದ ಅರ್ಜಿಗಳನ್ನು ಅವರು ತೆಗೆದುಕೊಳ್ಳಲೇ ಇಲ್ಲ. ಅವಳು ಪೇಟೆಯ ಶಾಲೆಯಲ್ಲೇ ಮುಂದುವರಿದಳು. ಸಿಟ್ಟು ಎರಡು ತಿಂಗಳಿತ್ತು, ಮಾತಾಡುತ್ತಲೇ ಸಿಟ್ಟಿನಲ್ಲಿದ್ದಳು. ಕಸ್ತೂರಿಗೆ ಜನವರಿಯಲ್ಲಿ ವರ್ಗಾವಣೆಯ ಆದೇಶ ಬಂತು. ರೋಣದ ಆಚೆ, ಹೋಗಲಿಕ್ಕೆ ಎರಡು ಬಸ್ಸು ಬದಲಿಸಬೇಕಾದ ಊರು. ಕಾರಣ ಬರೆದಿರಲಿಲ್ಲ. ಅವಳೂ ಕೇಳಲಿಲ್ಲ. ಬುತ್ತಿ ಕಟ್ಟಿಕೊಂಡು ಹೋದಳು.

ಆ ಶಾಲೆಗೆ ಹೋಗಿ ಮೂರು ತಿಂಗಳಾದಾಗ ಒಂದು ಮಧ್ಯಾಹ್ನ ಅನ್ವಿತಾ ಫೋನ್ ಮಾಡಿದಳು. ಮಕ್ಕಳು ಊಟ ಮುಗಿಸಿ ಅಂಗಳದಲ್ಲಿ ತಾಟು ತೊಳೆಯುತ್ತಿದ್ದರು. ಕಂಪನಿಯವರು ಹೊಸ ಸೊನ್ನೆಗಾಗಿ ಹುಡುಕುತ್ತಿದ್ದಾರೆ ಎಂದಳು. ದನಿ ಕೊಡಲು ಶಿಕ್ಷಕರು ಬೇಕಾಗಿದ್ದಾರೆ ಎಂದು ರಾಜ್ಯದ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಗಿದೆ. ಒಳ್ಳೆಯ ಗೌರವಧನ, ಪ್ರಶಸ್ತಿಪತ್ರ, ಬೇಕಾದ ಊರಿಗೆ ವರ್ಗಾವಣೆ. ಎರಡು ಸಲ ಗಡುವು ಮುಂದೂಡಿದ್ದಾರೆ. ನಿನ್ನೆ ಕೊನೆಯ ದಿನವಾಗಿತ್ತು.

"ರಾಜ್ಯದಲ್ಲಿ ಎಷ್ಟು ಮಂದಿ ಇಂಗ್ಲಿಷ್ ಶಿಕ್ಷಕರಿದ್ದಾರೆ ಗೊತ್ತುಂಟಾ ಮೇಡಂ?" ಅನ್ವಿತಾಳ ದನಿಯಲ್ಲಿ ಅವಳ ಊರಿನ ಎಳೆತ ಬಂದಿತ್ತು. ಇಷ್ಟು ದಿನ ಅದನ್ನು ಎಲ್ಲಿ ಮುಚ್ಚಿಟ್ಟುಕೊಂಡಿದ್ದಳೋ.

"ನಲವತ್ತು ಸಾವಿರ ಇರಬೇಕು."

"ಅರ್ಜಿ ಎಷ್ಟು ಬಂತು ಹೇಳಿ ಕಾಂಬ."

ಕಸ್ತೂರಿ ಅಂಗಳದ ಕಡೆ ನೋಡುತ್ತಾ ಕಾದಳು.

"ಒಂದೂ ಇಲ್ಲೆ" ಎಂದಳು ಅನ್ವಿತಾ. "ಮೇಡಂ, ಒಂದೇ ಒಂದೂ ಬರ್ಲಿಲ್ಲ."

ಗಂಟೆ ಹೊಡೆಯಿತು. ಕಸ್ತೂರಿ ಫೋನು ಇಟ್ಟು, ಸೆರಗು ಸರಿಪಡಿಸಿಕೊಂಡು, ಐದನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡಲು ಹೋದಳು.